ಧನ್ಯವಾದ ಹೇಳಿ ಕೆಟ್ಟ ಮಾರ್ಲ್‌ಕೋಟಿನಿಂದ, ಒಂದು ಅಂಚುಗಲ್ಲಿನ ಬಗ್ಗೆ

ಕೌಂಟಿ ರಸ್ತೆ ಇಲಾಖೆಯ ಮುಖ್ಯಸ್ಥರೇ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದಲ್ಲಿ ನಿಮಗೆ ಎಲ್ಲೂ ಧನ್ಯವಾದ ಅರ್ಪಿಸಿಲ್ಲ. ಹುಡುಕಿ ದಣಿಯಬೇಡಿ. ಯಾಕಿಲ್ಲ ಎಂಬುದು ಮುಂದೆ ತಿಳಿಯುತ್ತದೆ. ನಮ್ಮ ದೂರು ಇಷ್ಟೇ: ಮಾರ್ಲ್‌ಕೋಟ್ ಗ್ರಾಮದ ಮುಖ್ಯರಸ್ತೆಯಲ್ಲಿ, ಸಭಾಭವನದ ಮುಂದೆ, ಫುಟ್‌ಪಾತಿನ ಅಂಚುಗಲ್ಲು ಅರ್ಧ ಗೇಣಿಗಿಂತ ತುಸು ಎತ್ತರವಾಗಿ ನಿಂತಿದೆ. ಒಂದು ಗಾಲಿಕುರ್ಚಿ ಹತ್ತುವಷ್ಟು ಅಗಲಕ್ಕೆ ಅದನ್ನು ತಗ್ಗಿಸಿಕೊಡಿ ಎಂದು ನಮ್ಮ ಪ್ಯಾರಿಷ್ ಕೌನ್ಸಿಲ್ ಒಂದು ವರ್ಷದಿಂದ ಕೇಳುತ್ತಿದೆ. ಕಲ್ಲು ತಗ್ಗಲಿಲ್ಲ. ಏಪ್ರಿಲ್ ಸಭೆಗೂ ಗಾಲಿಕುರ್ಚಿಯಲ್ಲಿರುವ ನಮ್ಮ ಸದಸ್ಯೆ ಗ್ವೆನ್ ಟ್ರೌಟನ್ ಅವರಿಗೆ ಬರಲಾಗದಿದ್ದರೆ, ಊರವರು ಮತ ಹಾಕಿ ಕೊಟ್ಟ ಸದಸ್ಯತ್ವವನ್ನು ಅವರು ಕಳೆದುಕೊಳ್ಳುತ್ತಾರೆ. ಆರು ತಿಂಗಳು ಸತತವಾಗಿ ಸಭೆಗೆ ಬಾರದವರ ಸ್ಥಾನ ತಾನಾಗಿ ಖಾಲಿಯಾಗಬೇಕೆಂದು ಕಾನೂನು ಹೇಳುತ್ತದೆ. ಆರು ತಿಂಗಳು ಪತ್ರಕ್ಕೆ ಉತ್ತರಿಸದ ಅಧಿಕಾರಿಗಳ ಸ್ಥಾನದ ಬಗ್ಗೆ ಅದೇ ಕಾನೂನು ಏನು ಹೇಳುತ್ತದೆಂದು ಹುಡುಕಿದೆ. ಏನೂ ಹೇಳುವುದಿಲ್ಲ.

ಪ್ಯಾರಿಷ್ ಕೌನ್ಸಿಲ್ ಎಂದರೇನೆಂದು ತಮ್ಮಷ್ಟು ಮೇಲೆ ಕುಳಿತವರಿಗೆ ಮರೆತುಹೋಗಿರಬಹುದು. ಸರ್ಕಾರ ಎಂಬ ಏಣಿಯ ಕಟ್ಟಕಡೆಯ ಮೆಟ್ಟಿಲು ನಾವು. ಊರ ಮಧ್ಯದ ಬೆಂಚು ನಮ್ಮದು, ಬೆಂಚಿನ ಮುಂದಿನ ರಸ್ತೆ ನಿಮ್ಮದು. ಬಸ್ಸಿಗೆ ಕಾಯುವ ತಂಗುದಾಣ ನಮ್ಮದು, ಬಸ್ಸು ಯಾರದೆಂದು ಯಾರಿಗೂ ಗೊತ್ತಿಲ್ಲ. ಸೂಚನಾ ಫಲಕ ನಮ್ಮದು, ಅದರ ಬೀಗದ ಕೈ ಕಳೆದು ಎರಡು ಬೇಸಿಗೆ ಆಯಿತು, ಹಾಗಾಗಿ ಅದರೊಳಗೆ ಇನ್ನೂ ಒಂದು ಹಳೆಯ ಕೇಕ್ ಸ್ಪರ್ಧೆಯ ಆಹ್ವಾನ ಬಿಸಿಲಿಗೆ ಬೆಳ್ಳಗಾಗುತ್ತಿದೆ. ಇಷ್ಟು ಸಾಮ್ರಾಜ್ಯವನ್ನು ಏಳು ಮಂದಿ ಸದಸ್ಯರು, ಒಬ್ಬ ಕಾರ್ಯದರ್ಶಿ ಮತ್ತು ಅಳತೆ ಮೀರಿದ ಬಿಸ್ಕತ್ತು ಸೇರಿ ಆಳುತ್ತೇವೆ.

ನಾನು ಈ ಆಡಳಿತಕ್ಕೆ ಸೇರಿದ್ದು ಕಳೆದ ಮೇ ತಿಂಗಳಲ್ಲಿ. ವಿಶ್ವವಿದ್ಯಾಲಯ ಮುಗಿಸಿ ಊರಿಗೆ ಬಂದಿದ್ದೆ. ಅಮ್ಮ ಯಾರದೋ ಪಾತ್ರೆ ವಾಪಸು ಕೊಟ್ಟು ಬಾ ಎಂದು ಸಭಾಭವನಕ್ಕೆ ಕಳಿಸಿದ್ದರು. ಹೊರಗೆ ಮಳೆ, ಒಳಗೆ ಕೌನ್ಸಿಲ್ ಸಭೆ. ಮಳೆ ನಿಲ್ಲಲಿ ಎಂದು ಹಿಂದಿನ ಕುರ್ಚಿಯಲ್ಲಿ ಕೂತೆ. ಅಂದಿನ ವಿಷಯ, ಯಾರೂ ಬಯಸದ ಒಂದು ಖಾಲಿ ಸ್ಥಾನವನ್ನು ತುಂಬುವುದು.

"ಏನಮ್ಮ ಹೆಸ್ಟರ್, ಸಾಹಿತ್ಯ ಓದಿದ್ದೀಯಂತೆ?" ಎಂದರು ಅಧ್ಯಕ್ಷ ಆಬ್ರಿ ಸ್ಟೋಕ್ಸ್. ಬೀಜದ ವ್ಯಾಪಾರ ಬಿಟ್ಟು ನಿವೃತ್ತರಾದವರು, ಎದುರಿಗಿರುವವರನ್ನು ನೋಡಿದರೆ ಮೊಳಕೆ ಬರುತ್ತದೋ ಇಲ್ಲವೋ ಎಂದು ಲೆಕ್ಕ ಹಾಕುವ ಅಭ್ಯಾಸ ಹೋಗಿಲ್ಲ.

"ಹೂಂ."

"ಕೆಲಸ ಏನಾದ್ರೂ ಸಿಕ್ತಾ?"

"ಇನ್ನೂ ಇಲ್ಲ."

"ಹಾಗಾದ್ರೆ ಸೋಮವಾರ ಸಂಜೆ ಬಿಡುವೇ. ಯಾರಿಗಾದ್ರೂ ಆಕ್ಷೇಪ ಇದೆಯಾ?"

ಆಕ್ಷೇಪ ನನಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯಬೇಕೆಂದರೆ ನನ್ನ ಕಿವಿಗಳು ಕೆಂಪಾಗುತ್ತವೆ, ಬೇಡ ಎನ್ನುವಷ್ಟರಲ್ಲಿ ಚಪ್ಪಾಳೆ ಮುಗಿದಿತ್ತು. ಅಂದು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದವರು ಒಬ್ಬರೇ, ಗ್ವೆನ್ ಟ್ರೌಟನ್.

ಗ್ವೆನ್ ಬಗ್ಗೆ ತಮಗೆ ತಿಳಿದಿರಲಿ. ಊರ ಪಬ್ಬಿನ ಅಡುಗೆಮನೆಯನ್ನು ಹದಿನೈದು ವರ್ಷ ನಡೆಸಿದವರು. ಬೆನ್ನುಹುರಿಗೆ ಪೆಟ್ಟು ಬಿದ್ದ ಮೇಲೆ ವಿದ್ಯುತ್ ಗಾಲಿಕುರ್ಚಿಯಲ್ಲಿದ್ದಾರೆ, ಮಾತಿನ ಖಾರ ಮಾತ್ರ ಅಡುಗೆಮನೆಯದೇ. ನಮ್ಮಲ್ಲಿ ಉಪಚುನಾವಣೆ ಗೆದ್ದು ಬಂದವರು ಅವರೊಬ್ಬರೇ. ಉಳಿದ ನಾವೆಲ್ಲ ಬೇರೆ ಯಾರೂ ಸಿಗದ್ದರಿಂದ ಬಂದವರು. ಅವರ ಮನೆ ಮುಖ್ಯರಸ್ತೆಯ ಆ ಕಡೆ. ಸಭಾಭವನ, ಅಂಗಡಿ, ಪಬ್ಬು ಎಲ್ಲವೂ ಈ ಕಡೆ. ಅವರ ಮನೆಯ ಮುಂದೆ ಕಲ್ಲು ತಗ್ಗಾಗಿದೆ, ಇಳಿಯಬಹುದು. ಈ ಕಡೆ ಹತ್ತಲು ಜಾಗವಿಲ್ಲ. ಅಂದರೆ ನಿಮ್ಮ ಇಲಾಖೆ ಗ್ವೆನ್ ಅವರನ್ನು ರಸ್ತೆಗೆ ಇಳಿಸುತ್ತದೆ, ಆಮೇಲೆ ಅಲ್ಲೇ ಬಿಡುತ್ತದೆ. ಇದನ್ನು ಯಾವ ಇಂಜಿನಿಯರ್ ಯೋಚಿಸಿ ಮಾಡಿದರು? ಮಧ್ಯದಲ್ಲಿ ಊಟಕ್ಕೆ ಎದ್ದು ಹೋದವರು ಮತ್ತೆ ಬರಲೇ ಇಲ್ಲವೇ?

ಅಕ್ಟೋಬರ್‌ವರೆಗೆ ಅವರು ರಸ್ತೆಯ ಅಂಚಿನಲ್ಲೇ ವಾಹನಗಳ ಜೊತೆ ಸಾಗಿ, ಮುಂದಿನ ಜಮೀನಿನ ಗೇಟಿನ ಬಳಿ ಫುಟ್‌ಪಾತ್ ಹತ್ತಿ, ಹಿಂದಿರುಗಿ ಸಭೆಗೆ ಬರುತ್ತಿದ್ದರು. ಆ ತಿಂಗಳ ಸಭೆಗೆ ಬರುವಾಗ ಸುಗ್ಗಿಯ ಗೋಧಿ ತುಂಬಿದ ಲಾರಿಯೊಂದು ಎಷ್ಟು ಹತ್ತಿರದಿಂದ ಹೋಯಿತೆಂದರೆ, ಕುರ್ಚಿಗೆ ಸಿಕ್ಕಿಸಿದ್ದ ಕೊಡೆಯನ್ನು ತನ್ನ ಕನ್ನಡಿಯಲ್ಲಿ ನೇತುಹಾಕಿಕೊಂಡು ಪಕ್ಕದ ಊರಿಗೆ ಒಯ್ದಿತು. "ಕೊಡೆ ಹೋದ್ರೆ ಹೋಗ್ಲಿ, ಹಿಡ್ಕೊಂಡಿದ್ರೆ ನಾನೂ ಹೋಗ್ತಿದ್ದೆ," ಎಂದು ಗ್ವೆನ್ ನಕ್ಕರು. ಆದರೆ ಅಂದು ಮನೆಗೆ ಮರಳುವಾಗ ಮೊದಲ ಬಾರಿಗೆ ನನ್ನನ್ನು ಟಾರ್ಚ್ ಹಿಡಿದು ಜೊತೆಗೆ ಬಾ ಎಂದರು. ಅವರು ಹಾಜರಿದ್ದ ಕೊನೆಯ ಸಭೆ ಅದು.

ಆಗಿನಿಂದ ನಮ್ಮ ವರ್ಷ ಹೀಗೆ ಸಾಗಿತು. ಬೆಂಚಿಗೆ ಹಸಿರು ಬಣ್ಣ ಬಳಿಯುವುದೆಂದು ಜುಲೈನಲ್ಲೇ ಒಪ್ಪಿದ್ದೆವು, ಯಾವ ಹಸಿರು ಎಂಬುದು ಅಕ್ಟೋಬರಿನ ಕೊನೆಗೆ ಇತ್ಯರ್ಥವಾಯಿತು. ನವೆಂಬರಿನಲ್ಲಿ ಯುದ್ಧಸ್ಮಾರಕಕ್ಕೆ ಹೂಚಕ್ರ ಇಟ್ಟೆವು. ಡಿಸೆಂಬರಿನಲ್ಲಿ ರಸ್ತೆಯ ಹಿಮ ಕರಗಲೆಂದು ಎರಚುವ ಉಪ್ಪಿನ ಪೆಟ್ಟಿಗೆಯಲ್ಲಿ ಯಾರೋ ಕ್ರಿಸ್‌ಮಸ್ ಬಿಯರನ್ನು ತಂಪಿಗಿಟ್ಟಿದ್ದು ಪತ್ತೆಯಾಯಿತು, ತನಿಖೆಗೆ ಹೋದ ಉಪಸಮಿತಿ ಬಹಳ ಹೊತ್ತು ಬರಲಿಲ್ಲ. ಪ್ರತಿ ಸಭೆಯ ಮೊದಲ ವಿಷಯ ಮಾತ್ರ ಬದಲಾಗಲಿಲ್ಲ: ಗೈರುಹಾಜರಾದವರ ಕ್ಷಮಾಪಣೆ. ಅದು ನಮ್ಮ ಪದ್ಧತಿ, ಬಾರದವರು ಕ್ಷಮೆ ಕೇಳಬೇಕು. ಹಾಗಾಗಿ ನೀವು ತಗ್ಗಿಸದ ಕಲ್ಲಿಗಾಗಿ ಗ್ವೆನ್ ಟ್ರೌಟನ್ ತಿಂಗಳಿಗೊಮ್ಮೆ ನಮ್ಮಲ್ಲಿ ಕ್ಷಮೆ ಕೇಳಿದರು, ನಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆವು.

ನಾವೇನೂ ಮಾಡಲಿಲ್ಲವೆಂದಲ್ಲ. ಇಬ್ಬರು ರೈತರು ಕುರ್ಚಿ ಸಮೇತ ಎತ್ತಲು ಹೋದರು. "ಬಿಡ್ರೋ, ನಾನೇನು ಪಿಯಾನೋನಾ?" ಎಂದು ಗ್ವೆನ್ ಇಬ್ಬರನ್ನೂ ಓಡಿಸಿದರು. ಆಮೇಲೆ ಕಲ್ಲಿಗೆ ಓರೆಯಾಗಿ ಒಂದು ಹಲಗೆ ಹಾಕಿಸಿದೆವು. ಎರಡೇ ದಿನದಲ್ಲಿ ನಿಮ್ಮ ಇಲಾಖೆಯ ವಾಹನ ಬಂದು, ಹೆದ್ದಾರಿಯಲ್ಲಿ ಅನಧಿಕೃತ ಅಡಚಣೆ ಎಂದು ಅದನ್ನು ಎತ್ತಿಕೊಂಡು ಹೋಯಿತು. ಇಷ್ಟು ಚುರುಕಾಗಿ ನೀವು ಮಾಡಿದ ಕೆಲಸ ಇನ್ನೊಂದಿಲ್ಲ. ಅಷ್ಟು ಬೇಗ ಬಂದದ್ದಕ್ಕೆ ನಮ್ಮ ಅಧ್ಯಕ್ಷರು ನಿಮಗೆ ಕೃತಜ್ಞತೆಯ ಪತ್ರ ಬರೆಸಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜನವರಿಯಲ್ಲಿ ನೀವು ಕೊನೆಗೂ ಒಬ್ಬ ಯುವಕನನ್ನು ಕಳಿಸಿದಿರಿ. ಅವನು ಸಭಾಭವನದ ಮುಂದೆ ಕಾರು ನಿಲ್ಲಿಸಿ, ಕಿಟಕಿ ಇಳಿಸಿ ಕೂತ. ರಸ್ತೆಯ ಆ ಬದಿಯಿಂದ ಗ್ವೆನ್ ಕೂಗಿದರು.

"ಏನಪ್ಪಾ ಎಣಿಸ್ತಾ ಇದೀಯ?"

"ಇಲ್ಲಿ ರಸ್ತೆ ದಾಟೋ ಗಾಲಿಕುರ್ಚಿಗಳನ್ನ, ಮೇಡಂ."

"ಎಷ್ಟಾಯ್ತು?"

"ಇನ್ನೂ ಒಂದೂ ಬಂದಿಲ್ಲ."

"ನಾನು ಇಲ್ಲೇ ಕೂತಿದೀನಲ್ಲೋ!"

"ನೀವು ದಾಟ್ಲಿಲ್ಲವಲ್ಲ ಮೇಡಂ."

ಒಳ್ಳೆಯ ಹುಡುಗ, ಚಳಿಯಲ್ಲಿ ಸಂಜೆಯವರೆಗೂ ಕೂತಿದ್ದ. ಫೆಬ್ರವರಿಯಲ್ಲಿ ವರದಿ ಬಂತು: "ಸದರಿ ಸ್ಥಳದಲ್ಲಿ ಬೇಡಿಕೆ ಕಂಡುಬಂದಿಲ್ಲ." ಯಾರಿಗೆ ಕಂಡುಬಂದಿಲ್ಲ? ಸಾಹಿತ್ಯ ಓದಿದವಳಾದ್ದರಿಂದ ನಿಮ್ಮ ಪತ್ರಗಳನ್ನು ಎರಡೆರಡು ಸಲ ಓದುತ್ತೇನೆ. ಅವುಗಳಲ್ಲಿ ಪರಿಶೀಲಿಸಲಾಗಿದೆ, ಗಮನಿಸಲಾಗಿದೆ, ಪರಿಗಣಿಸಲಾಗಿದೆ, ಆದರೆ ಮನುಷ್ಯರು ಯಾರೂ ಇಲ್ಲ. ಸೇತುವೆ ಇಲ್ಲದ ನದಿಯನ್ನು ಯಾರೂ ದಾಟುತ್ತಿಲ್ಲ, ಆದ್ದರಿಂದ ಸೇತುವೆ ಬೇಡ ಎನ್ನುವ ಈ ತರ್ಕಕ್ಕೆ ಒಡೆಯರು ಯಾರು ಎಂದು ಹುಡುಕಿದೆ. ಅವರೂ ಕಂಡುಬಂದಿಲ್ಲ.

ಈ ತಿಂಗಳ ಮೊದಲ ವಾರ ನಮ್ಮ ಕಾರ್ಯದರ್ಶಿ ಪ್ರುಡೆನ್ಸ್ ಲ್ಯಾಮ್ ಸಭಾಭವನದಿಂದ ನಿಮ್ಮ ಕಚೇರಿಗೆ ಫೋನ್ ಮಾಡಿದರು. ನಾನು ಅಲ್ಲೇ ಪುಸ್ತಕದ ಕಪಾಟು ಜೋಡಿಸುತ್ತಿದ್ದೆ. ಫೋನಿನ ಧ್ವನಿ ನನಗೂ ಕೇಳುತ್ತಿತ್ತು.

"ಆ ದೂರು ಮುಗಿದಿದೆಯಲ್ಲ ಮೇಡಂ," ಎಂದಿತು ಆ ಕಡೆಯ ಹೆಣ್ಣು ದನಿ.

"ಮುಗಿದಿದೆಯಾ? ಯಾರಮ್ಮ ಮುಗಿಸಿದ್ದು?"

"ನೀವೇ. ಪ್ರತಿ ತಿಂಗಳೂ ಧನ್ಯವಾದ ಕಳಿಸಿದ್ದೀರಿ. ದೂರು ಕೊಟ್ಟೋರು ಧನ್ಯವಾದ ಅಂದ್ರೆ ತೃಪ್ತಿಯಾಗಿದೆ ಅಂತ. ನಾವು ಮುಗಿಸಿಬಿಡ್ತೀವಿ. ಮುಂದಿನ ತಿಂಗಳು ನಿಮ್ಮದು ಮತ್ತೆ ಹೊಸ ದೂರು, ಸಾಲಿನ ಕೊನೆಗೆ."

ಪ್ರುಡೆನ್ಸ್ ಕುರ್ಚಿ ಎಳೆದುಕೊಂಡು ಕೂತರು. "ಅಯ್ಯೋ, ನಾನು ಧನ್ಯವಾದ ಹೇಳಿದ್ದು ನಿಮ್ಮ ಉತ್ತರ ಬಂತಲ್ಲ ಅಂತ!"

"ಅದು ಉತ್ತರ ಅಲ್ಲ ಮೇಡಂ. ಪತ್ರ ತಲುಪಿತು ಅಂತ ಯಂತ್ರ ತಾನಾಗೇ ಕಳಿಸೋದು."

ಅಂದರೆ ಮಾನ್ಯರೇ, ನಾವು ವರ್ಷವಿಡೀ ಒಂದು ಯಂತ್ರದ ಸೌಜನ್ಯಕ್ಕೆ ಮನಸಾರೆ ವಂದಿಸಿದ್ದೇವೆ. ಆ ಯಂತ್ರ ನಮ್ಮ ಸೌಜನ್ಯವನ್ನು ಹಿಡಿದು ನಮ್ಮದೇ ಬಾಗಿಲು ಮುಚ್ಚಿದೆ. ಇನ್ನೂ ಕೇಳಿ. ಮಾತು ಮುಗಿಸುವಾಗ ಪ್ರುಡೆನ್ಸ್ ಅಭ್ಯಾಸಬಲದಿಂದ "ತುಂಬಾ ಧನ್ಯವಾದ" ಎಂದರು. ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿದರು. ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು, ಒಪ್ಪುತ್ತೇನೆ. ನಮ್ಮ ಕಾಲು ತುಳಿದವರ ಬಳಿ ನಾವೇ ಕ್ಷಮೆ ಕೇಳುವ ಜನ. ಆದರೆ ಒಂದು ಊರಿನ ಮರ್ಯಾದೆಯನ್ನೇ ಕಾರಣ ಮಾಡಿ ಅದರ ಕಡತ ಮುಚ್ಚುವುದು ಯಾವ ಆಡಳಿತ? ಬೈದವರ ಕಲ್ಲು ತಗ್ಗುತ್ತದೆ, ವಂದಿಸಿದವರದು ತಗ್ಗುವುದಿಲ್ಲ ಎಂದಾದರೆ, ಮೊದಲೇ ತಿಳಿಸಿದ್ದರೆ ಆಗುತ್ತಿತ್ತು. ನಮ್ಮೂರಿನಲ್ಲೂ ಬೈಯಲು ಬರುವವರಿದ್ದಾರೆ, ಕಡೇಪಕ್ಷ ಪಬ್ಬು ಮುಚ್ಚುವ ವೇಳೆಗೆ.

ಸುದ್ದಿ ಹೇಳಲು ನಾನೇ ಗ್ವೆನ್ ಮನೆಗೆ ಹೋದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನಾನು ಪ್ರುಡೆನ್ಸ್ ಕಂಡುಕೊಂಡ ದಾರಿ ತಿಳಿಸಿದೆ: ಗೈರುಹಾಜರಿಯ ಕಾರಣವನ್ನು ಕೌನ್ಸಿಲ್ ಅನುಮೋದಿಸಿಬಿಟ್ಟರೆ ಸದಸ್ಯತ್ವ ಉಳಿಯುತ್ತದೆ.

"ಏನಂತ ಅನುಮೋದಿಸ್ತೀರ?" ಎಂದರು.

"ಬರೋಕಾಗಲ್ಲ ಅಂತ."

"ನನಗೆ ಬರೋಕಾಗುತ್ತೆ ಕಣೇ. ಕುರ್ಚಿ ಚಾರ್ಜ್ ಆಗಿದೆ, ಲಿಪ್‌ಸ್ಟಿಕ್ ಹಚ್ಕೊಂಡಿದೀನಿ. ನಾನೇನು ಕಾಯಿಲೆ ಬಿದ್ದಿದೀನಾ, ಸ್ಪೇನಿಗೆ ರಜಾ ಹೋಗಿದೀನಾ? ಬಾರದೆ ಇರೋಕೆ ಪರ್ಮಿಷನ್ ನನಗೆ ಬೇಡ."

"ಹಾಗಾದ್ರೆ ಸಭೆ ಇಲ್ಲೇ ನಿಮ್ಮ ಅಡುಗೆಮನೇಲಿ..."

"ಬಂದ್ರೆ ಟೀ ಕೊಡ್ತೀನಿ. ಆದ್ರೆ ಒಂದ್ಸಲ ಬಂದ್ರೆ ಪ್ರತಿ ಸಲ ಬರ್ತೀರ, ಆ ಕಲ್ಲು ಅಲ್ಲೇ ಇರುತ್ತೆ. ನನಗೆ ಬರೀ ಸಭೆಗಲ್ಲ ಹೆಸ್ಟರ್, ಆಮೇಲೆ ಪಬ್ಬಿಗೂ ಹೋಗ್ಬೇಕು. ನಾನಿಲ್ದೆ ಅಲ್ಲಿ ಗ್ರೇವಿ ಏನಾಗಿದೆಯೋ ದೇವರೇ ಬಲ್ಲ."

ಗ್ರೇವಿ ನಿಜಕ್ಕೂ ಕೆಟ್ಟಿದೆ. ಆದರೆ ಅದನ್ನು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಆದ್ದರಿಂದ, ಮಾನ್ಯರೇ, ಮಾರ್ಲ್‌ಕೋಟ್ ಪ್ಯಾರಿಷ್ ಕೌನ್ಸಿಲ್ ತುರ್ತು ಸಭೆ ಸೇರಿ ನಿರ್ಣಯ ಮಾಡಿದೆ. ನಿರ್ಣಯವನ್ನು ಮಂಡಿಸಿದವಳು ನಾನು. ಕಿವಿ ಕೆಂಪಾಯಿತು, ಆದರೂ ಮಂಡಿಸಿದೆ. ಏಪ್ರಿಲ್ ತಿಂಗಳ ಮೊದಲ ಸೋಮವಾರ, ಸಂಜೆ ಏಳಕ್ಕೆ, ನಮ್ಮ ಸಭೆ ಸಭಾಭವನದೊಳಗೆ ನಡೆಯುವುದಿಲ್ಲ. ಆ ಅಂಚುಗಲ್ಲಿನ ಬಳಿಯೇ ನಡೆಯುತ್ತದೆ. ನಾವು ಫುಟ್‌ಪಾತಿನ ಮೇಲೆ, ಮೇಜು ಮತ್ತು ಟೀ ಡ್ರಮ್ಮಿನ ಜೊತೆ. ಗ್ವೆನ್ ಟ್ರೌಟನ್ ಕಲ್ಲಿನ ಕೆಳಗೆ, ನೀವು ಅವರನ್ನು ಇಳಿಸಿಟ್ಟ ರಸ್ತೆಯಲ್ಲಿ. ಅವರು ಹಾಜರು ಎಂದು ಗಟ್ಟಿಯಾಗಿ ಕೂಗುತ್ತಾರೆ, ಪ್ರುಡೆನ್ಸ್ ಬರೆದುಕೊಳ್ಳುತ್ತಾರೆ. ಎರಡೂ ಕಡೆಯ ವಾಹನಗಳು ಸಭೆ ಮುಗಿಯುವವರೆಗೆ ನಿಲ್ಲಬೇಕಾಗುತ್ತದೆ. ಬೆಂಚಿನ ಬಣ್ಣದ ವಿಷಯ ಮತ್ತೆ ಚರ್ಚೆಗೆ ಬಂದಿರುವುದರಿಂದ ಸಭೆ ಬೇಗ ಮುಗಿಯುವ ಲಕ್ಷಣವಿಲ್ಲ. ರಸ್ತೆ ನಿಮ್ಮದು, ಅಡಚಣೆ ತೆರವು ಮಾಡುವ ಉತ್ಸಾಹವೂ ನಿಮ್ಮದೇ. ಹಲಗೆ ಎತ್ತಿಕೊಂಡು ಹೋದ ವಾಹನವನ್ನು ಬೇಕಾದರೆ ಕಳಿಸಿ, ಆದರೆ ಗ್ವೆನ್ ಅವರನ್ನು ಎತ್ತುವ ಮೊದಲು ಪಿಯಾನೋ ಮಾತು ನೆನಪಿರಲಿ.

ನಮ್ಮ ಬೇಡಿಕೆ ಒಂದೇ. ಆ ಸೋಮವಾರದೊಳಗೆ ಕಲ್ಲನ್ನು ತಗ್ಗಿಸಿ. ಇಲ್ಲವೇ ನೀವೇ ಖುದ್ದಾಗಿ ಬಂದು, ಊರವರ ಮುಂದೆ, ಗ್ವೆನ್ ಟ್ರೌಟನ್ ಅವರ ಮುಖ ನೋಡಿ "ಬೇಡಿಕೆ ಕಂಡುಬಂದಿಲ್ಲ" ಎಂದು ಹೇಳಿ. ಬರಲಾಗದಿದ್ದರೆ ಕ್ಷಮಾಪಣೆ ಕಳಿಸಿ. ಅದು ನಮ್ಮ ಸಭೆಯ ಮೊದಲ ವಿಷಯ, ಈ ಸಲ ಅದನ್ನು ಒಪ್ಪಬೇಕೋ ಬೇಡವೋ ಎಂದು ಗ್ವೆನ್ ಅವರೇ ತೀರ್ಮಾನಿಸುತ್ತಾರೆ.

ಇಂತಿ,
ಉದ್ದೇಶಪೂರ್ವಕವಾಗಿ ಮರ್ಯಾದೆಗೆಟ್ಟ,
ಹೆಸ್ಟರ್ ಫೆನ್
ಸದಸ್ಯೆ (ಮಳೆಯ ಕಾರಣದಿಂದ), ಮಾರ್ಲ್‌ಕೋಟ್ ಪ್ಯಾರಿಷ್ ಕೌನ್ಸಿಲ್

ತಾ.ಕ.: ಈ ಪತ್ರವನ್ನು ಸಭೆಯಲ್ಲಿ ಓದಿದಾಗ, ಕೊನೆಯಲ್ಲಿ ಚಿಕ್ಕದೊಂದು ಧನ್ಯವಾದವಾದರೂ ಇರಲಿ, ಇಲ್ಲದಿದ್ದರೆ ಒರಟಾಗಿ ಕಾಣುತ್ತದೆ ಎಂದು ಅಧ್ಯಕ್ಷರು ತಿದ್ದುಪಡಿ ಸೂಚಿಸಿದರು. ಅದನ್ನು ಮತಕ್ಕೆ ಹಾಕಲಾಯಿತು. ಪರವಾಗಿ ಯಾರೂ ಕೈ ಎತ್ತದೆ ತಿದ್ದುಪಡಿ ಬಿದ್ದುಹೋಯಿತು. ಕೊನೆಗೆ ಆಬ್ರಿ ಸ್ಟೋಕ್ಸ್ ತಾವೂ ಅದರ ವಿರುದ್ಧವೇ ಕೈ ಎತ್ತಿದರು.