ಸಪ್ಪಳ ನಿಂತರೂ ಕೈ ಇಳಿಸಬಾರದು

ಅಪ್ಪಾ,

ಖಾನಾಪುರದ ಮನೆಯಲ್ಲಿ, ನೀನು ಕೂರುತ್ತಿದ್ದ ಕಿಟಕಿಯ ಹತ್ತಿರವೇ ಕೂತು ಬರೆಯುತ್ತಿದ್ದೇನೆ. ನಿಧಾನಕ್ಕೆ ಓದಿಕೋ.

ಬೆಳಗಾವಿಯಲ್ಲಿ ನಿನ್ನ ಹೃದಯದ ಸ್ಕ್ಯಾನ್ ಮಾಡಿಸಿದ ದಿನ ನೆನಪಿದೆಯಾ? ಸೂಜಿಯಲ್ಲಿ ಔಷಧ ಕೊಟ್ಟು, ಎರಡೂ ಕೈ ತಲೆಯ ಮೇಲೆ ಎತ್ತಿಸಿ ಮಲಗಿಸಿದರು. ಕ್ಯಾಮೆರಾ ಎದೆಯ ಸುತ್ತ ತಿರುಗಿ ಮುಗಿಯುವ ತನಕ ಅಲುಗಾಡುವ ಹಾಗಿರಲಿಲ್ಲ. ನೀನು ನಡುವೆಯೇ ಕೈ ಇಳಿಸಿದೆ, ಚಿತ್ರ ಕಲಸಿಹೋಯಿತು. ಆಟೋ ನಗರದಲ್ಲಿ ಲಾರಿ ತಗಡು ಬಡಿದು ಸವೆದ ಭುಜ, ನೋವು ತಡೆಯಲಿಲ್ಲ ಅಂದುಕೊಂಡೆವು. "ಮತ್ತ ಆ ಹಲಗಿ ಮ್ಯಾಲೆ ಮಲಗಂಗಿಲ್ಲ" ಅಂದೆ. ಆಮೇಲೆ ಮಲಗಿಸೋಣ ಅನ್ನುವಷ್ಟರಲ್ಲಿ ನೀನು...

ಈಗ ನಿನ್ನ ಜೊತೆ ತಗಡು ಬಡಿದ ಇಮಾಮ್ ಕಾಕಾಗೂ ಎದೆ ಹಿಡಿಯುತ್ತಿದೆ. ಅದೇ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. "ನಿಮ್ಮಪ್ಪನ ಕೈಲೇ ಆಗ್ಲಿಲ್ಲ, ನನ್ನ ಕೈಲೆ ಆಗತೈತೇನ ಬೇಟಾ?" ಅಂತ ಹಟ ಹಿಡಿದು ಕೂತರು. ಈ ಸಲ ನಾನು ಬಿಡುವವಳಲ್ಲ ಅಂತ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ತೆಗೆಯುವ ಶೈಲಾ ಮೇಡಂ ಅವರನ್ನೇ ಕೇಳಿದೆ.

ಅವರು ತಿಳಿಸಿ ಹೇಳಿದರು. ಕ್ಯಾಮೆರಾಕ್ಕೆ ಸಿಗುವುದು ಬರೀ ಚುಕ್ಕಿಗಳು. ಅವನ್ನು ಸೇರಿಸಿ ಹೃದಯದ ಚಿತ್ರ ಕಟ್ಟುವುದು ಕಂಪ್ಯೂಟರಿನ ಸಾಫ್ಟ್‌ವೇರ್. ಹಳೆಯದಕ್ಕೆ ಚುಕ್ಕಿ ಹೆಚ್ಚು ಬೇಕು, ಅದಕ್ಕೇ ಅಷ್ಟು ಹೊತ್ತು. ಹೊಸದಕ್ಕೆ ಅರ್ಧ ಹೊತ್ತು ಸಾಕಂತೆ. ಆದರೆ ಅದನ್ನು ಪೂರ್ತಿ ನಂಬುವ ಮೊದಲು, ಒಪ್ಪಿದವರಿಗೆ ಎರಡೂ ರೀತಿ ತೆಗೆದು ಹೋಲಿಸಿ ನೋಡುತ್ತಿದ್ದಾರೆ. ಬಂದು ಕಾಕಾಗೆ ಇದನ್ನು ಹೇಳಿ, ನೀವೂ ಒಪ್ಪಿರಿ ಅಂದೆ.

"ಒಂದಕ್ಕ ಅಂಜಿ ಕುಂತಾಂವಗ ಎರಡ ಸಲ ಮಲಗಂತೀ! ಖರೇ ಅವನ ಮಗಳಽ ನೀ" ಅಂದರು ಕಾಕಾ.

"ಎರಡೂ ಚಿತ್ರ ಹೊಂದಿದ್ರ, ನಾಳೆ ನಿಮ್ಮಂಥಾ ಭುಜದವರು ಅರ್ಧ ಹೊತ್ತು ಮಲಗಿದ್ರ ಸಾಕಲ್ರೀ ಕಾಕಾ."

ಅವರು ತಮ್ಮ ಭುಜ ನೀವಿಕೊಂಡರು. ಆಮೇಲೆ ನನಗೆ ಗೊತ್ತಿಲ್ಲದ ಮಾತೊಂದು ಹೇಳಿದರು. "ಭುಜ ನೋವು ಖರೇ. ಆದ್ರ ಅವ ಕೈ ಬಿಟ್ಟಿದ್ದು ನೋವಿಗಲ್ಲ. ಮಷೀನ್ ನಡುವ ಒಂದೀಟ ನಿಂತಿತ್ತಂತ, ಸಪ್ಪಳ ಬಂದ್ ಆತಂತ. ಕೆಲಸ ಮುಗೀತು ಅಂತ ತಿಳದಾನ."

ಹೌದಲ್ಲಪ್ಪಾ! ಒಬ್ಬರು ತಗಡು ಎತ್ತಿ ಹಿಡಿಯುವುದು, ಇನ್ನೊಬ್ಬರು ಬಡಿಯುವುದು, ಸುತ್ತಿಗೆ ಸಪ್ಪಳ ನಿಂತರೆ ಕೈ ಇಳಿಸುವುದು. ಇನ್ನೂ ಬಡಿಯುವುದಿದ್ದರೆ "ಹಿಡಿ" ಅಂತ ಕೂಗುತ್ತಿದ್ದಿರಿ. ಅವತ್ತು ನಿನಗೆ ಕೂಗುವವರು ಯಾರಿದ್ದರು?

ಕಾಕಾ ಒಪ್ಪಿ ಸ್ಕ್ಯಾನಿಗೆ ಬಂದ ದಿನ, ನಾನು ಕೂಗಲೇ ಅಂತ ಕೇಳಿದ್ದಕ್ಕೆ ಶೈಲಾ ಮೇಡಂ ನಕ್ಕು, ಗಾಜಿನ ಈಚೆ ಇದ್ದ ಮೈಕು ನನ್ನ ಕೈಗೆ ಕೊಟ್ಟರು. ಮಷೀನು ನಿಂತಾಗ "ಹಿಡೀರಿ ಕಾಕಾ" ಅಂದೆ. "ರೀ ಗೀ ಹಚ್ಚಬ್ಯಾಡ, ನಿಮ್ಮಪ್ಪನಂಗ ಒದರು!" ಅಂತ ಮಲಗಿದಲ್ಲಿಂದಲೇ ಗದರಿದರು. ಒದರಿದೆ ಅಪ್ಪಾ. ಅರ್ಧ ಹೊತ್ತಿನದು ಮುಗಿಯಿತು. ಸ್ವಲ್ಪ ದಣಿವಾರಿಸಿಕೊಂಡು ಪೂರ್ತಿ ಹೊತ್ತಿನದಕ್ಕೂ ಮಲಗಿದರು. ಅವರ ಕಣ್ಣಲ್ಲಿ ನೀರು ಬಂತು, ಕೈ ಮಾತ್ರ ಇಳಿಯಲಿಲ್ಲ.

ಎರಡೂ ಚಿತ್ರ ಅಕ್ಕಪಕ್ಕ ಇಟ್ಟು ತೋರಿಸಿದರು. ಎರಡರಲ್ಲೂ ಅದೇ ಜಾಗದಲ್ಲಿ ಮಂಕು, ರಕ್ತ ಸರಿಯಾಗಿ ಹೋಗದ ಕಡೆ. ಕಾಕಾಗೆ ಔಷಧ ಶುರುವಾಗಿದೆ.

ಇವರೊಬ್ಬರದು ಹೊಂದಿದರೆ ಸಾಲದು, ಹೋಲಿಸಲು ಇನ್ನೂ ಜನ ಬೇಕಂತೆ. ಆಟೋ ನಗರದಲ್ಲಿ ಇದೇ ಸ್ಕ್ಯಾನಿಗೆ ಚೀಟಿ ಬರೆಸಿಕೊಂಡು ಹೆದರಿ ಕೂತವರಿದ್ದಾರೆ. ಸೋಮವಾರ ಕಾಕಾನೂ ನಾನೂ ಅವರ ಹತ್ತಿರ ಹೋಗುತ್ತೇವೆ.

ನಿನ್ನ ಸ್ಕ್ಯಾನಿನ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ, ಅಪ್ಪಾ. ಇನ್ನು ಅಲ್ಲಿ ಕೂರುವುದಿಲ್ಲ.

ನಿನ್ನ ಮಗಳು