ಸೌಟಿನ ವಿದ್ಯೆ

ಅಕ್ಕಾ, ಸುಖವಾಗಿ ತಲುಪಿದೆ. ನಗಬೇಡ, ನಿನ್ನ ತಮ್ಮ ಇಲ್ಲಿ ಮೇಷ್ಟ್ರು! ಹಳೇ ಕೆಲಸಗಾರರ ಕೈವಿದ್ಯೆಯನ್ನು ಕಂಪ್ಯೂಟರಿಗೆ ಕಲಿಸಲು ಸರ್ಕಾರವೇ ಕರೆಸಿದೆ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ತಾಗಿಸಿ, ಹಿಡಿಗೆ ಕಿವಿಗೊಟ್ಟು, ಬೇರಿಂಗ್ ಸವೆದಿದೆ ಎಂದೆ. ಬಿಚ್ಚಿ ನೋಡಿದರೆ ನಿಜ.

ಪಕ್ಕದಲ್ಲಿ ಫಾರಂ ಹಿಡಿದಿದ್ದ ಇಂಜಿನಿಯರಮ್ಮ ಕೇಳಿದಳು, "ಎಲ್ಲಿ ಕಲಿತ್ರಿ? ಇದರಲ್ಲಿ ಅದನ್ನ ತುಂಬದಿದ್ರೆ ಸರ್ಟಿಫಿಕೇಟ್ ಬರಲ್ಲ." ಅದಿಲ್ಲದಿದ್ದರೆ, ಇಲ್ಲಿ ಕಲಿಸಿ ಮುಗಿದ ಮೇಲೆ ಹೊಸ ಕಾರ್ಖಾನೆಯಲ್ಲಿ ಕೊಡುವ ಕೆಲಸವೂ ಇಲ್ಲ.

"ಮುಚ್ಚಳ ತೆಗೀದೆ, ಪಾತ್ರೆಗೆ ಸೌಟು ತಾಗಿಸಿ, ಒಳಗೆ ಕುದೀತಿದೆಯಾ ಅಂತ ಕೇಳೋದನ್ನ ನಮ್ಮಕ್ಕ ಕಿವಿ ಹಿಂಡಿ ಕಲಿಸಿದ್ಲು," ಎಂದೆ. ನಕ್ಕಳು, ಆದರೆ ಬರೆದುಕೊಂಡಳು.

ಕೆಲಸಕ್ಕೆ ಮುಂಚೆ ಇಲ್ಲಿನ ಡಾಕ್ಟರೂ ಪರೀಕ್ಷೆ ಮಾಡಿದರು. ನೀನು ಅಷ್ಟು ಹಿಂಡಿದರೂ ಕಿವಿ ಚೆನ್ನಾಗಿದೆಯಂತೆ. ನಿನ್ನ ಮಂಡಿನೋವು ಹೇಗಿದೆ?

ಈ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಸರ್ಟಿಫಿಕೇಟ್ ಈಗ ಕೈಗೆ ಬಂತು. ಸರ್ಕಾರದ ಮೊಹರಿನ ಪಕ್ಕದಲ್ಲೇ ಅಚ್ಚಾಗಿದೆ: 'ಕಲಿತ ಸಂಸ್ಥೆ: ಅಕ್ಕನ ಅಡುಗೆಮನೆ.'

ನಿನ್ನ ತಮ್ಮ