ಬಟ್ಟಲು ತುಂಬ ಚಹಾ

ಅಕ್ಟೋಬರ್ 9, ಅಲ್ಮಾಟಿ

ಮತ್ತೆ ಅದೇ. ಕ್ಲಾಸು, ಬಸ್ಸು, ಕೋಣೆ. ಬರುವಾಗ ಒಂದು ರೊಟ್ಟಿ ಕೊಂಡೆ. ಒಬ್ಬಳಿಗೆ ಅದೂ ಹೆಚ್ಚು.

ಎರಡು ದೇಶ, ಒಂದು ಡಿಗ್ರಿ. ಹೋದ ವರ್ಷ ಮಂಗೋಲಿಯಾದ ಉಲಾನ್‌ಬಾತರ್, ಈ ವರ್ಷ ಇಲ್ಲಿ, ಕಜಾಖಸ್ತಾನದಲ್ಲಿ. ಜಾಗತಿಕ ಮಾಧ್ಯಮ ಮತ್ತು ಸಂವಹನ — ದೊಡ್ಡ ಹೆಸರು. ಹುಟ್ಟಿ ಬೆಳೆದದ್ದು ಮಂಗೋಲಿಯಾದಲ್ಲೇ ಆದರೂ ಅಲ್ಲಿ ನನ್ನನ್ನು ಕಜಾಖ್ ಹುಡುಗಿ ಎನ್ನುತ್ತಿದ್ದರು. ಇಲ್ಲಿ ಕ್ಲಾಸಿನ ತೊಗ್ಜಾನ್, ನನ್ನ ಹಾಗೇ ಕಜಾಖ್ ಜನದವಳು, ಎಲ್ಲರೆದುರು ಕೇಳಿದಳು: "ಏನೇ ಮಂಗೋಲಿ, ನಿಮ್ಮೂರಿಗೆ ಇಂಟರ್ನೆಟ್ ಕುದುರೆ ಮೇಲೆ ಬರತ್ತಾ?" ನಾನೂ ನಕ್ಕೆ. ಸಿಟ್ಟು ಬಂದದ್ದು ಕೋಣೆಗೆ ಬಂದ ಮೇಲೆ. ನನಗೆ ಉತ್ತರ ಹೊಳೆಯುವುದೇ ಬಸ್ಸು ಇಳಿದ ಮೇಲೆ.

ಅಕ್ಟೋಬರ್ 14

ಥೀಸಿಸ್ ವಿಷಯ ಒಪ್ಪಿಗೆಯಾಯಿತು: ಚದುರಿದ ಕುಟುಂಬಗಳಲ್ಲಿ ಸುದ್ದಿ ಹೇಗೆ ಹರಿಯುತ್ತದೆ. ಅಂದರೆ ನಮ್ಮ ಮನೆಯ ವಾಟ್ಸಾಪ್ ಗುಂಪು. ಎಲ್ಲರಿಗಿಂತ ಹೆಚ್ಚು ಮಾತು ಕಳಿಸುವವಳು ಅಪಾ — ನನ್ನನ್ನು ಸಾಕಿದ ಅಜ್ಜಿ. ಓದಲು ಬಾರದು, ಗುಂಡಿ ಒತ್ತಿ ಮಾತಾಡಲು ಬರುತ್ತದೆ. ಇವತ್ತಿನದು: "ಒಂಟೆಮರೀ, ಉಂಡ್ಯಾ? ಮಾತಾಡೋದನ್ನ ಕಲಿಯೋಕೆ ಅಷ್ಟು ದೂರ ಹೋಗ್ಬೇಕಿತ್ತಾ? ಇಲ್ಲೇ ಇದ್ದಿದ್ರೆ ನಾನೇ ಪುಕ್ಕಟೆ ಕಲಿಸ್ತಿದ್ದೆ."

ಊಟ ಮಾಡುತ್ತ ಮತ್ತೆ ಮತ್ತೆ ಹಾಕಿ ಕೇಳಿದೆ. ಎದುರಿಗೆ ಯಾರೋ ಕೂತ ಹಾಗಿತ್ತು.

ನವೆಂಬರ್ 2

ಅಪಾಳ ಮಾತು ಬಂದಿಲ್ಲ. ಅಮ್ಮ ಹೇಳಿದಳು: "ಗಂಟಲು ಕಟ್ಟಿದೆ ಕಣೇ. ನೀನು ಓದ್ಕೋ." ವಿಡಿಯೋ ಕಾಲ್ ಮಾಡಿದರೆ ಎತ್ತುವುದಿಲ್ಲ, ನೆಟ್‌ವರ್ಕ್ ಇಲ್ಲವಂತೆ. ಗುಂಪಿನಲ್ಲಿ ಯಾರದೂ ಸದ್ದಿಲ್ಲ, ಮಾವನ ಕೆಟ್ಟ ಜೋಕೂ ಇಲ್ಲ... ಒಂಟಿ ಅನಿಸುತ್ತಿದೆ. ತುಂಬಾ.

ನವೆಂಬರ್ 6

ಅಪಾ! ಅಮ್ಮನ ಫೋನಿನಿಂದ ಬಂತು: "ಒಂಟೆಮರೀ, ಇವತ್ತು ಕುರಿ ಉಣ್ಣೆ ಕತ್ತರಿಸಿದ್ವಿ, ಕೈಯೆಲ್ಲ ನೋವು ಕಣೇ." ಕುಣಿಯುವಂತಾಯಿತು. ಮೊಟ್ಟೆ ಹುರಿದು ತಿಂದೆ. ತೊಗ್ಜಾನ್‌ಗೂ ಫೋನ್ ಮಾಡಿ ಹರಟಿದೆ.

ಸಂಜೆ — ನವೆಂಬರಿನ ಹಿಮದಲ್ಲಿ ಯಾರು ಕುರಿ ಬೋಳಿಸುತ್ತಾರೆ?

ನವೆಂಬರ್ 7

ಅಮ್ಮ ಅಂದಳು: "ಅಯ್ಯೋ, ಹಳೇದು ಬಂತೇನೋ, ಕೈ ತಪ್ಪಿ." ಆಮೇಲೆ, ನಾನು ಕೇಳದೆಯೇ: "ಅಪಾ ಮಲಗಿದ್ದಾಳೆ."

ನವೆಂಬರ್ 12

ಸೈಲಾವ್ ಅಜ್ಜ ಫೋನ್ ಮಾಡಿದರು. ನಮ್ಮೂರು ಉಲ್ಗೀ ಕಡೆಯವರು, ಬಹಳ ಹಿಂದೆಯೇ ಇಲ್ಲಿಗೆ ಬಂದು ನೆಲೆಸಿದವರು. ಮುಖ ನೋಡಿಲ್ಲ. "ಭಾನುವಾರ ನಾನೂ ನಮ್ಮ ಮನೆಯವಳೂ ಬರ್ತೀವಿ ಮಗಳೇ, ಟೀ ಕುಡಿಯೋಕೆ. ಏನೂ ಮಾಡ್ಬೇಡ. ನೀನು ಮನೇಲಿರು, ಸಾಕು."

ಥೀಸಿಸ್‌ನಲ್ಲಿ ನಾನೇ ಬರೆದಿದ್ದೇನೆ: ನಮ್ಮ ಜನ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದಿಲ್ಲ. ಹಿರಿಯರು ಮನೆಗೆ ಬಂದು, ಎದುರು ಕೂತು, ಯಾವುದೋ ಹಕ್ಕಿಯ ಮಾತು ತೆಗೆದು, ಮೆಲ್ಲಗೆ ಹೇಳುತ್ತಾರೆ. ಅಲ್ಲಿಯವರೆಗೆ ಮನೆಮಂದಿ ಬಾಯಿ ಬಿಡುವುದಿಲ್ಲ.

ಬರೀ ಟೀಗೂ ಬರಬಹುದು. ವಯಸ್ಸಾದವರು. ಊರಿನ ಹುಡುಗಿ ಎಂದು ಅಕ್ಕರೆ. ಬರೀ ಟೀಗೇ.

ನವೆಂಬರ್ 15, ಭಾನುವಾರ, ಮಧ್ಯಾಹ್ನ

ಬಂದಿದ್ದಾರೆ. ಒಳಗೆ ಕೂತಿದ್ದಾರೆ. ನಾನು ಅಡುಗೆಮನೆಯಲ್ಲಿ. ಸುಮ್ಮನೆ ನಿಲ್ಲಲಾಗದೆ ಬರೆಯುತ್ತಿದ್ದೇನೆ.

ಅಜ್ಜ ಚಳಿಯ ಮಾತಾಡಿದರು, ಕೆಟ್ಟ ಲಿಫ್ಟನ್ನು ಬೈದರು. ಜೊತೆಗೆ ಬಂದ ಅಜ್ಜಿ ಹಿಡಿದ ನನ್ನ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಅಜ್ಜ ಚಹಾದ ಬಟ್ಟಲು ಕೆಳಗಿಟ್ಟರು. "ಮಗಳೇ, ಹಂಸ ಎಷ್ಟು ದಿನ ಅಂತ ಒಂದೇ ಕೆರೇಲಿ ಇರತ್ತೆ..."

ಅವರ ಬಟ್ಟಲು ಎಳೆದುಕೊಂಡು ಅಂಚಿನವರೆಗೆ ಚಹಾ ಸುರಿದೆ. ಹಿರಿಯರಿಗೆ ಗುಟುಕು ಗುಟುಕಾಗಿ ಹಾಕಬೇಕು ಎಂದು ಕಲಿಸಿದ್ದೇ ಅಪಾ. ತುಂಬಿಸಿ ಕೊಟ್ಟರೆ, ಇನ್ನು ಎದ್ದು ಹೊರಡಿ ಎಂದ ಹಾಗೆ. ಗೊತ್ತಿದ್ದೇ ತುಂಬಿಸಿದೆ.

ಅಜ್ಜಿ ತಲೆ ತಗ್ಗಿಸಿದರು. ಅಜ್ಜ ಬಟ್ಟಲನ್ನೇ ನೋಡಿದರು. ಸಿಟ್ಟಾಗಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು, ನಿಧಾನವಾಗಿ, ತಳ ಕಾಣುವವರೆಗೆ ಕುಡಿದರು. ಖಾಲಿ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

"ಇನ್ನೊಂದು ಹಾಕು ಮಗಳೇ. ನಮಗೇನೂ ಅವಸರ ಇಲ್ಲ."

ನೀರಿಟ್ಟಿದ್ದೇನೆ. ಉರಿ ಸಣ್ಣ ಮಾಡಿದ್ದೇನೆ. ಕುದಿ ಬರುವವರೆಗೆ ಅಪಾ ಇದ್ದಾಳೆ.